ಹಿಂದಿನ ಸೀಟಿನ ಸಾಕ್ಷಿ

“ಇವರಲ್ಲ,” ಎಂದರು ಒರ್ತಾನ್ಸ್.

ಜೋಡಿ ಸೈಕಲ್ಲಿನ ಮುಂದಿನ ಸೀಟಿನಿಂದ ಕ್ಲೋತಿಲ್ದ್ ಧೊಪ್ಪನೆ ಇಳಿದಳು. ಸುರಂಗದ ಆಚೆ ತುದಿಯಲ್ಲಿರುವ ಹಳೆಯ ಗೇಟ್‌ಮನ್ ಮನೆಯಲ್ಲಿ ದೂರದ ಸವಾರರಿಗೆ ಕಾಫಿ, ಆಮ್ಲೆಟ್ಟು ಮಾಡಿಕೊಡುವ ಹೆಂಗಸು ಅವಳು. ಕಣ್ಣಿಲ್ಲದವರನ್ನು ಜೋಡಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸುತ್ತಾಡಿಸುವ ಊರಿನ ಸಂಘದಲ್ಲೂ ಇದ್ದಳು. ಹಾಗಾಗಿ ಸೈಕಲ್ ಹೊಸದಲ್ಲ, ಪೊಲೀಸರ ಎದುರು ಹೀಗೆ ಪರೀಕ್ಷೆ ಕೊಡುವುದಷ್ಟೇ ಹೊಸದು.

“ಅಂತೂ ಕೊಲೆ ಮಾಡಿದ್ದು ನಾನಲ್ಲ ಅಂತಾಯ್ತು. ಇನ್ನು ಹೋಗಿ ಒಲೆ ಹಚ್ಚಬಹುದಾ?”

“ಕೊಲೆ ಅಂತ ಯಾರು ಹೇಳಿದ್ರು ನಿಮಗೆ?” ಎಂದಳು ಅಪೊಲಿನ್.

ಕ್ಲೋತಿಲ್ದ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. ವೊಕ್ಲೇರ್ ಠಾಣೆಯ ಅಧಿಕಾರಿ ಅಪೊಲಿನ್‌ಗೂ ಆ ಪದ ಗಂಟಲಲ್ಲೇ ಇತ್ತು. ಹೊರಗೆ ಬಿಡಲು ಧೈರ್ಯ ಸಾಲದೆ ಮೂರು ದಿನದಿಂದ ಅದನ್ನು ನುಂಗಿಕೊಂಡು ಓಡಾಡುತ್ತಿದ್ದಳು.

ಆಗಿದ್ದು ಇಷ್ಟು. ಭಾನುವಾರ ಶಾಲೆಯ ಮೇಷ್ಟ್ರು ಫಿರ್ಮಾಂ ಮುಂದೆ, ಒರ್ತಾನ್ಸ್ ಹಿಂದೆ ಕೂತು ವೊಕ್ಲೇರ್ ಸುರಂಗದೊಳಗೆ ಹೋದರು. ಹೊರಗೆ ಬರುವಾಗ ಹಿಂದೆ ಒರ್ತಾನ್ಸ್ ಇದ್ದರು, ಮುಂದೆ ಬೇರೆ ಯಾರೋ ಇದ್ದರು.

ಹಾಗೆಂದು ಹೇಳುತ್ತಿದ್ದವರು ಒರ್ತಾನ್ಸ್ ಒಬ್ಬರೇ. ಸುರಂಗದ ಬಾಯಲ್ಲಿ ಎದುರಾದ ಹಾಲೆಂಡಿನ ದಂಪತಿ, ಮಗುವನ್ನು ಹಿಂಬದಿಯ ಗಾಡಿಯಲ್ಲಿ ಮಲಗಿಸಿಕೊಂಡು ಪ್ರವಾಸ ಹೊರಟವರು, ಫಿರ್ಮಾಂನ ಕಿತ್ತಳೆ ಬಣ್ಣದ ಅಂಗಿ, ಹೆಲ್ಮೆಟ್ಟು ಕಂಡು ಕೈಬೀಸಿದ್ದರು. ಮುಖ ನೋಡಿರಲಿಲ್ಲ. ಸೈಕಲ್ಲಿನಲ್ಲಿ ಎದುರಾಗುವವರ ಮುಖವನ್ನು ಯಾರು ತಾನೇ ನೋಡುತ್ತಾರೆ? ಮಾಕೋಂ ಪಟ್ಟಣದ ಮೇಲಧಿಕಾರಿಗಳಿಗೆ ಅಷ್ಟೇ ಸಾಕಾಯಿತು. ಮೇಷ್ಟ್ರು ಸುರಂಗದಿಂದ ಹೊರಗೆ ಬಂದಿದ್ದಾನೆ, ಮುದುಕಿಯನ್ನು ಹಳೆಯ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದ್ದಾನೆ, ತನ್ನ ದಾರಿ ಹಿಡಿದಿದ್ದಾನೆ. ಗಂಡಸರು ಹೀಗೆ ಹೇಳದೆ ಕೇಳದೆ ಹೋಗುವುದು ಲೋಕದಲ್ಲಿ ಇದೇ ಮೊದಲೇನಲ್ಲ ಎಂದು ಅವರು ಕಡತ ಕಟ್ಟಿಡುವ ಮಾತಾಡುತ್ತಿದ್ದರು.

ಕಣ್ಣು ಕಾಣದ ಒರ್ತಾನ್ಸ್, ಲಿಯೋನ್ ನಗರದ ಆಸ್ಪತ್ರೆಯಲ್ಲಿ ಜೀವಮಾನವಿಡೀ ಫಿಸಿಯೋಥೆರಪಿಸ್ಟ್ ಆಗಿದ್ದವರು. ಸಾವಿರಾರು ಕಾಲುಗಳನ್ನು ಕೈಯಲ್ಲಿ ಹಿಡಿದು ನಡೆಸಿದವರು. ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದು ನೆಲೆಸಿದ್ದರು. ಭಾನುವಾರ ನಡೆದದ್ದನ್ನು ಅವರು ಎಷ್ಟು ಸಲ ಹೇಳಿದರೂ ಒಂದು ಮಾತು ಹೆಚ್ಚಾಗಿರಲಿಲ್ಲ, ಒಂದು ಮಾತು ಕಡಿಮೆಯಾಗಿರಲಿಲ್ಲ.

ಸುರಂಗದ ನಡುವೆ ಫಿರ್ಮಾಂ ನಿಲ್ಲಿಸಿದ. ಒಬ್ಬರನ್ನು ನೋಡಬೇಕು, ಎರಡೇ ನಿಮಿಷ ಎಂದ. ಅವರನ್ನು ಇಳಿಸಿ, ಕೈಯನ್ನು ಗೋಡೆಯ ಮೇಲಿಟ್ಟು ಹೋದ. ದೂರದಲ್ಲಿ ಪಿಸುಮಾತು ಕೇಳಿತು. ಕಬ್ಬಿಣ ಉಜ್ಜಿದ ಸದ್ದಾಯಿತು. ಯಾರೋ ಓಡಿಹೋದ ಹೆಜ್ಜೆ ಕೇಳಿತು. ಆಮೇಲೆ ಯಾರೋ ಬಂದು ಹೆಗಲು ತಟ್ಟಿ ಸೈಕಲ್ ಹತ್ತಿಸಿದರು. ಅಂಗಿಯಿಂದ ಫಿರ್ಮಾಂನ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಸೈಕಲ್ ಹೊರಟಿತು. ಹೊರಟ ಆ ಗಳಿಗೆಯಲ್ಲೇ ಅವರಿಗೆ ತಿಳಿಯಿತು, ಇದು ಫಿರ್ಮಾಂ ಅಲ್ಲ ಎಂದು.

“ಹೆಂಗೆ ಗೊತ್ತಾಯ್ತು ಮೇಡಂ?” ಎಂದು ಅಪೊಲಿನ್ ಮೊದಲ ದಿನವೇ ಕೇಳಿದ್ದಳು.

“ಜೋಡಿ ಸೈಕಲ್ಲಲ್ಲಿ ಮುಂದಿನ ಪೆಡಲು, ಹಿಂದಿನ ಪೆಡಲು ಒಂದೇ ಚೈನಿಗೆ ಕಟ್ಟಿರೋದು. ಮುಂದಿನವರ ಕಾಲು ಏನು ಮಾಡುತ್ತೋ ನನ್ನ ಕಾಲೂ ಅದನ್ನೇ ಮಾಡುತ್ತೆ. ಅವನು ಹೊರಟ ರೀತಿ ಬೇರೆ ಇತ್ತು. ಮಾತಲ್ಲಿ ಹೇಳು ಅಂದ್ರೆ ನನಗೆ ಬರಲ್ಲ. ಇನ್ನೊಂದು ಸಲ ನನ್ನ ಕಾಲಿಗೆ ತಾಗಿದ್ರೆ ಹೇಳ್ತೀನಿ.”

ಕಿರುಚಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ ಆ ಹಿರಿಯ ಹೆಂಗಸು, ಪೆಡಲು ನಿಲ್ಲಿಸಿದರೆ ತನಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಗುತ್ತಿತ್ತಲ್ಲ ಎಂದಿದ್ದರು. ಅದಕ್ಕೇ ಏನೂ ತಿಳಿಯದವರಂತೆ ತುಳಿಯುತ್ತಾ ಬಂದರು. ಬೆಂಚಿನ ಮೇಲೆ ಕೂರಿಸಿ ಅವನು ಹೋದ. ಮುಖದ ಮೇಲಿನ ಬಿಸಿಲು ಹೋಗಿ ಚಳಿ ಹತ್ತುವವರೆಗೂ ಅವರು ಕದಲಲಿಲ್ಲ.

ಇದನ್ನು ಕೇಳಿದ ಮೇಲೆ ಅಪೊಲಿನ್‌ಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಕಾಣೆಯಾದ ಮೇಷ್ಟ್ರಿಗಿಂತ ಹೆಚ್ಚಾಗಿ, ಆ ಬೆನ್ನಿನ ಹಿಂದೆ ಕೂತು ಸುಮ್ಮನೆ ಕಾಲಾಡಿಸಿದ ಒರ್ತಾನ್ಸ್ ಅವಳ ಕಣ್ಣ ಮುಂದೆ ಬರುತ್ತಿದ್ದರು.

ಅವಳಿಗೆ ಉಳಿದಿದ್ದದ್ದು ಇವತ್ತು ಒಂದೇ ದಿನ. ನಾಳೆ ಸಕಲ ಸಂತರ ಹಬ್ಬ, ಊರಿಗೆ ಊರೇ ಸೇವಂತಿಗೆ ಕುಂಡ ಹಿಡಿದು ಗೋರಿಗಳ ಕಡೆ ಹೊರಡುವ ದಿನ. ಅದರ ಹಿಂದಿನ ಸಂಜೆ ಸುರಂಗದ ಎರಡೂ ಬಾಯಿಗೆ ಸರಳಿನ ಗೇಟು ಬೀಳುತ್ತದೆ. ಚಳಿಗಾಲವಿಡೀ ಬಾವಲಿಗಳು ಅಲ್ಲಿ ನಿದ್ದೆ ಹೋಗುತ್ತವೆ. ವಸಂತ ಬರುವವರೆಗೆ ಒಳಗೆ ಮನುಷ್ಯರು ಕಾಲಿಡುವಂತಿಲ್ಲ, ಸವಾರರು ಗುಡ್ಡ ಹತ್ತಿ ಇಳಿಯಬೇಕು. ಫಿರ್ಮಾಂ ಸುರಂಗದಿಂದ ಹೊರಗೆ ಬಂದಿದ್ದಾನೆ ಎಂದು ಕಾಗದದ ಮೇಲೆ ಬರೆದಾಗಿರುವಾಗ, ಗೇಟು ತೆರೆದಿಡಿ ಎಂದು ಕೇಳಲು ಅವಳ ಬಳಿ ಕಾರಣವೇ ಇರಲಿಲ್ಲ. ಒಂದು ಕಾರಣ ಇತ್ತು, ಅದು ಕುರುಡು ಮುದುಕಿಯೊಬ್ಬರ ಪಾದದಲ್ಲಿತ್ತು. ಆ ಗೇಟು ಬಿದ್ದರೆ ಫಿರ್ಮಾಂ ವಸಂತದವರೆಗೆ ಒಳಗೇ, ಬಾವಲಿಗಳ ಜೊತೆ.

“ಕತ್ತಲಾಗೋಕೆ ಮುಂಚೆ ಗುಡ್ಡದ ದಾರಿ ಹಿಡೀತೀನಿ,” ಎಂದಳು ಕ್ಲೋತಿಲ್ದ್.

“ಸುರಂಗ ಇನ್ನೂ ತೆರೆದಿದೆಯಲ್ಲ? ನೆಟ್ಟಗೆ ಹೋದ್ರೆ ನಿಮ್ಮನೆ.”

ಕ್ಲೋತಿಲ್ದ್ ಆ ಕಡೆ ತಿರುಗಿಯೂ ನೋಡಲಿಲ್ಲ. “ನಿನ್ನೆ ರಾತ್ರಿ ಬಾಗಿಲು ಹಾಕುವಾಗ ನೋಡ್ದೆ. ಒಳಗೆ ನಡುವಿನ ದೀಪ ಒಂದು ಹತ್ತಿತ್ತು. ಅತ್ತ ಕಡೇದೂ ಇಲ್ಲ, ಇತ್ತ ಕಡೇದೂ ಇಲ್ಲ, ನಡುವಿಂದು ಒಂದೇ. ಹತ್ತಿತು, ಆರಿತು. ನೀವು ನಗಬಹುದು. ನಾನಂತೂ ಆ ಬಾರ್ನಬೆಯ ದಾರಿಗೆ ಅಡ್ಡ ಬರಲ್ಲ.”

ಅಪೊಲಿನ್ ನಗಲಿಲ್ಲ. ರೈಲು ಓಡುತ್ತಿದ್ದ ಕೊನೆಯ ವರ್ಷ ಬಾರ್ನಬೆ ಎಂಬ ಹಳಿ ಕಾಯುವವನು ಈ ಸುರಂಗದೊಳಗೆ, ಬರಬಾರದ ಹೊತ್ತಲ್ಲಿ ಬಂದ ಗಾಡಿಗೆ ಸಿಕ್ಕಿ ಸತ್ತಿದ್ದ. ಹಳಿ ಕಿತ್ತು, ಡಾಂಬರು ಹಾಕಿ ಸೈಕಲ್ಲಿನವರಿಗೆ ಹಸಿರು ದಾರಿ ಮಾಡಿದರೂ ಅವನು ಮಾತ್ರ ಕೆಲಸ ಬಿಟ್ಟಿಲ್ಲ, ದಿನಾ ಸಂಜೆ ಹಳಿ ನೋಡಿಕೊಂಡು ಬರುತ್ತಾನೆ ಎಂದು ಊರಿನ ಮಕ್ಕಳನ್ನೆಲ್ಲ ಹೆದರಿಸಿ ಮಲಗಿಸಿದ್ದು ಇದೇ ಕತೆ. ಅಪೊಲಿನ್‌ಳನ್ನೂ ಹಾಗೇ ಮಲಗಿಸಿದ್ದರು.

ಕ್ಲೋತಿಲ್ದ್ ಹೋದ ಸ್ವಲ್ಪ ಹೊತ್ತಿಗೆ ಅಪೊಲಿನ್‌ಳ ತಂದೆ ಎವಾರಿಸ್ತ್ ತಮ್ಮ ಓಬೀರಾಯನ ಕಾಲದ ಸೈಕಲ್ಲಿನಲ್ಲಿ ಬಂದರು. ಒಂದು ಕಾಲಕ್ಕೆ ಇದೇ ನಿಲ್ದಾಣದಲ್ಲಿ ಸಿಗ್ನಲ್ ಎಳೆಯುತ್ತಿದ್ದವರು. ರೈಲು ನಿಂತರೂ ಅವರು ದಾರಿಯನ್ನು ಬಿಟ್ಟಿರಲಿಲ್ಲ. ಸುರಂಗದ ಬೀಗದ ಕೈ, ದಾರಿಗೆ ಅಡ್ಡ ನೆಟ್ಟ ಕಂಬಗಳ ಬೀಗದ ಕೈ, ಎಲ್ಲ ಅವರ ಸೊಂಟದಲ್ಲಿ. ಕ್ಯಾರಿಯರ್ ಮೇಲೆ ಹಳದಿ ಸೇವಂತಿಗೆಯ ಎರಡು ಕುಂಡಗಳನ್ನು ಹಗ್ಗದಲ್ಲಿ ಬಿಗಿದಿದ್ದರು.

“ಎರಡು ಯಾಕಪ್ಪ? ಅಮ್ಮನಿಗೆ ವರ್ಷಾ ವರ್ಷಾ ಒಂದೇ ಅಲ್ವಾ ಇಡೋದು?”

“ಹೂವಿನವಳು ಮಿಕ್ಕಿದ್ದನ್ನೂ ತಲೆಗೆ ಕಟ್ಟಿದಳು. ನಿಮ್ಮಮ್ಮನಿಗೆ ಈ ವರ್ಷ ಭರ್ಜರಿ.” ಮಗಳ ಕೋಟಿನ ಗುಂಡಿಯನ್ನು ತಾವೇ ಹಾಕುತ್ತಾ, “ಊಟ ಮಾಡ್ದೆಯಾ? ಮುಖ ನೋಡು, ಬತ್ತಿ ಹೋಗಿದೆ. ಆ ಮೇಷ್ಟ್ರು ಯಾವುದೋ ಊರಲ್ಲಿ ಹಾಯಾಗಿ ಹೊದ್ದು ಮಲಗಿರ್ತಾನೆ, ನೀನಿಲ್ಲಿ ಚಳೀಲಿ ಮುದುಕಿಯನ್ನ ಸೈಕಲ್ ಮೇಲೆ ಕೂರಿಸಿ ಆಟ ಆಡ್ತಿದ್ದೀಯ,” ಎಂದರು.

ಒರ್ತಾನ್ಸ್ ಬೆಂಚಿನ ಮೇಲೆ ಕೂತಿದ್ದರು. ಹತ್ತಿರ ಬನ್ನಿ, ಪರಿಚಯ ಮಾಡಿಸುತ್ತೇನೆ ಎಂದಳು ಅಪೊಲಿನ್. ಕಣ್ಣಿಲ್ಲದವರ ಹತ್ತಿರ ಏನು ಮಾತಾಡಬೇಕೋ ತನಗೆ ತಿಳಿಯುವುದಿಲ್ಲ ಎಂದು ಮುದುಕ ಮೆಲುದನಿಯಲ್ಲಿ ಜಾರಿಕೊಂಡರು. ಜೇಬಿನಿಂದ ಬಿಸಿ ಚೆಸ್ಟ್‌ನಟ್ ಕಾಯಿಯ ಪೊಟ್ಟಣ ತೆಗೆದು, ಆ ಮೇಡಂಗೂ ಕೊಡು ಎಂದು ಮಗಳ ಕೈಗಿಟ್ಟರು. ಆಚೆ ತುದಿಯ ಗೇಟಿಗೆ ಒಳಗಿನಿಂದಲೇ ಬೀಗ ಹಾಕಿ ಬಂದು, ಈ ತುದಿಯದನ್ನು ಕೊನೆಗೆ ಹಾಕುತ್ತೇನೆ, ಅಷ್ಟರೊಳಗೆ ನಿನ್ನ ಆಟ ಮುಗಿಸು ಎಂದು ಸೈಕಲ್ ಹತ್ತಿದರು. ಆ ಹಳೆಯ ಚೈನು ಎಂದಿನಂತೆ ಕಟಕ್ ಎಂದಿತು.

ಅವರು ಸುರಂಗ ಹೊಕ್ಕಂತೆ ದೀಪಗಳು ಒಂದೊಂದಾಗಿ ಎದ್ದವು, ಅವರು ದಾಟಿದಂತೆ ಒಂದೊಂದಾಗಿ ಮಲಗಿದವು. ಈ ದೀಪಗಳೆಂದರೆ ಎವಾರಿಸ್ತ್‌ಗೆ ಇನ್ನಿಲ್ಲದ ಹೆಮ್ಮೆ. ಕೂರಿಸುವಾಗ ಎಂಜಿನಿಯರ್ ಜೊತೆ ಏಣಿ ಹಿಡಿದು ನಿಂತವರು ಅವರೇ. ಬಾವಲಿ ಹಾರಿದರೆ ಹತ್ತುವುದಿಲ್ಲ, ಇಲಿ ಓಡಿದರೆ ಹತ್ತುವುದಿಲ್ಲ, ಅದಕ್ಕೆ ಮನುಷ್ಯನ ಮೈಯೇ ಆಗಬೇಕು ಎಂದು ಭಾನುವಾರದ ಊಟಕ್ಕೆ ಬಂದ ನೆಂಟರಿಗೆಲ್ಲ ಅವರು ಹೇಳಿ ಹೇಳಿ, ಅಪೊಲಿನ್‌ಗೆ ಆ ಮಾತು ಬಾಯಿಪಾಠವಾಗಿತ್ತು.

ಇನ್ನು ಪರೀಕ್ಷೆಗೆ ಉಳಿದವನು ಗಾಯೆತಾನ್.

ನಿಲ್ದಾಣದ ಹಳೆಯ ಸರಕಿನ ಕೊಠಡಿಯೇ ಅವನ ಬಾಡಿಗೆ ಸೈಕಲ್ ಅಂಗಡಿ. ಪ್ರವಾಸಿಗಳ ಕಾಲ ಮುಗಿದಿತ್ತು. ಸೈಕಲ್ಲುಗಳೆಲ್ಲ ಮುಂಗಾಲಿಯಿಂದ ಕೊಕ್ಕೆಗೆ ನೇತುಬಿದ್ದಿದ್ದವು. ಅಪೊಲಿನ್ ಒಳಗೆ ಬಂದಾಗ ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದ. ಎಣ್ಣೆ ಚೈನಿಗಿಂತ ನೆಲಕ್ಕೇ ಹೆಚ್ಚು ಬೀಳುತ್ತಿತ್ತು.

ಒಂದೇ ಬೆಂಚಿನಲ್ಲಿ ಕೂತು ಓದಿದವರು ಇಬ್ಬರೂ. ಅವನ ಕೈ ಯಾವಾಗ ತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಒಂದು ಸುತ್ತು ಅಷ್ಟೆ. ಒರ್ತಾನ್ಸ್ ಮೇಡಂನ ಕೂರಿಸ್ಕೊಂಡು ಸುರಂಗದ ಬಾಯಿವರೆಗೂ ಹೋಗಿ ಬಾ.”

“ಮಂಡಿ ನೋವು.”

“ಬೆಳಿಗ್ಗೆ ಗುಡ್ಡ ಹತ್ತಿ ಬ್ರೆಡ್ ತಂದೆಯಲ್ಲ, ಆಗ ಇರ್ಲಿಲ್ವಾ?”

“ನಾನು ಹತ್ತಲ್ಲ ಅಪೊಲಿನ್. ಬೇಕಾದ್ರೆ ಕೋಳ ಹಾಕ್ಕೊಂಡು ಹೋಗು.”

“ಹಾಕ್ತೀನಿ. ನಾಳೆ ಹಬ್ಬದ ದಿನ ನಿನ್ನ ತಾಯಿ ಒಬ್ಬಳೇ ಹೂವು ಹಿಡ್ಕೊಂಡು ನಿಮ್ಮಪ್ಪನ ಗೋರಿಗೆ ಹೋಗ್ಲಿ. ಊರವರು ಗಾಯೆತಾನ್ ಎಲ್ಲಿ ಅಂತ ಕೇಳ್ಲಿ. ಫಿರ್ಮಾಂ ನಿನ್ನ ಸ್ನೇಹಿತ ಆಗಿದ್ದ ತಾನೆ? ಬೇಸಿಗೇಲಿ ಯಾಕೆ ಮಾತು ಬಿಟ್ರಿ?”

ಗಾಯೆತಾನ್ ಎಣ್ಣೆ ಡಬ್ಬಿ ಕೆಳಗಿಟ್ಟ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ.

ಮಾತು ಬಿಟ್ಟದ್ದು ಬಾರ್ನಬೆಯ ದೆಸೆಯಿಂದ ಎಂದು ಅವನು ಹೇಳತೊಡಗಿದ. ಸುರಂಗದೊಳಗೆ ಬಾರ್ನಬೆಯ ಹೆಸರಲ್ಲಿ ಒಂದು ಕಲ್ಲು ನೆಡಿಸಬೇಕು ಎಂಬ ಹುಚ್ಚು ಫಿರ್ಮಾಂಗೆ ಹತ್ತಿತ್ತು. ಹಳಬರನ್ನೆಲ್ಲ ಕೆದಕಿದ. ಆವತ್ತು ಗಾಡಿ ತಾನಾಗಿ ಬಂದದ್ದಲ್ಲ, ಒಳಗೆ ಮನುಷ್ಯನಿದ್ದಾನೆ ಎಂದು ಗೊತ್ತಿದ್ದೂ ಯಾರೋ ಬಿಟ್ಟದ್ದು ಎನ್ನತೊಡಗಿದ. ಸತ್ತವರನ್ನು ಯಾಕೆ ಎಬ್ಬಿಸುತ್ತೀಯ, ಪ್ರವಾಸಿಗಳು ಹೆದರಿ ಬರುವುದು ಬಿಟ್ಟಾರು ಎಂದು ಗಾಯೆತಾನ್ ಬೈದಿದ್ದ. ಹೋದ ಶನಿವಾರ ಫಿರ್ಮಾಂ ತಾನಾಗಿ ಬಂದು, ಬಾರ್ನಬೆ ಸತ್ತ ಜಾಗಕ್ಕೆ ನಾಳೆ ಒಬ್ಬರನ್ನು ಕರೆದಿದ್ದೇನೆ, ಅವರು ಬಾಯಿಬಿಡುವಾಗ ಕೇಳಿಸಿಕೊಳ್ಳಲು ನೀನೂ ಇರು ಎಂದ.

“ಯಾರನ್ನ ಕರೆದಿದ್ದ?”

“ಹೆಸರು ಹೇಳಲಿಲ್ಲ. ನೀನೇ ನೋಡ್ತೀಯ ಅಂದ.”

“ನೀನು ಹೋದೆ.”

“ಹೋದೆ. ತಡವಾಗಿ ಹೋದೆ.” ಗಾಯೆತಾನ್ ಅವಳ ಮುಖ ನೋಡಲಾಗದೆ ಕೊಕ್ಕೆಗೆ ನೇತುಬಿದ್ದ ಗಾಲಿಯನ್ನು ನೋಡುತ್ತಾ ಹೇಳಿದ. “ಸೈಕಲ್ ಗೋಡೆಗೆ ಒರಗಿತ್ತು. ಆ ಮೇಡಂ ಗೋಡೆ ಹಿಡ್ಕೊಂಡು ನಿಂತಿದ್ರು. ಅವರು ಅಲ್ಲಾಡದೆ ನಿಂತಿದ್ರಿಂದ ಅವರ ತಲೆ ಮೇಲಿನ ದೀಪ ಆರಿತು. ನಾನೂ ನಿಂತೆ, ನಂದೂ ಆರಿತು. ಪೂರ್ತಿ ಕತ್ತಲು. ಆವಾಗ ಆ ಕಬ್ಬಿಣದ ಬಾಗಿಲು ಹಾಕಿದ ಸದ್ದಾಯ್ತು. ಚಿಲಕ ಎಳೆದಿದ್ದು, ಬೀಗ ತಿರುಗಿಸಿದ್ದು, ಎರಡೂ ಕೇಳಿಸ್ತು. ಆಮೇಲೆ ಹೆಜ್ಜೆ ಸಪ್ಪಳ. ನನ್ನ ಕಡೆಗೇ ಬರ್ತಿತ್ತು. ದೀಪ ಮಾತ್ರ ಹತ್ತಲಿಲ್ಲ.”

“ಹಂಗಂದ್ರೆ?”

“ಮನುಷ್ಯ ಆಗಿದ್ರೆ ದೀಪ ಹತ್ತಬೇಕಿತ್ತು ತಾನೆ? ಹತ್ತಲಿಲ್ಲ. ಕತ್ತಲಲ್ಲೇ ನಡ್ಕೊಂಡು ಬಂತು. ಬಾರ್ನಬೆ ಅಂದ್ಕೊಂಡೆ. ನಾನು ಓಡಿಬಿಟ್ಟೆ ಅಪೊಲಿನ್. ಕಣ್ಣು ಕಾಣದ ಹೆಂಗಸನ್ನ ಅಲ್ಲೇ ಬಿಟ್ಟು ಓಡಿಬಿಟ್ಟೆ.”

ಅವನು ಅತ್ತ. ದೊಡ್ಡ ಗಂಡಸು ಎಣ್ಣೆಗೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಅಪೊಲಿನ್‌ಗೆ ಅವನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಅದಕ್ಕಿಂತ ಹೆಚ್ಚಾಗಿ ಅವನ ಒಂದು ಮಾತು ಅವಳಿಗೆ ಅಂಟಿಕೊಂಡಿತು.

ಕಬ್ಬಿಣದ ಬಾಗಿಲು.

ಸುರಂಗದ ನಡುವೆ, ಹಿಂದೆ ನೀರು ಹೊರಗೆ ಹಾಯಿಸಲು ಕೊರೆದ ಒಂದು ಪಕ್ಕದ ಗುಹೆಯಿದೆ. ಬಾಗಿಲ ನೆತ್ತಿಯ ಕಂಡಿಯಿಂದ ತೂರಿ ಬಾವಲಿಗಳು ಎಲ್ಲಕ್ಕಿಂತ ಹೆಚ್ಚಾಗಿ ಸೇರುವುದು ಅಲ್ಲೇ. ಅದರ ಬಾಗಿಲನ್ನು ಚಳಿಗಾಲದ ಎಣಿಕೆಗೆ ಬಿಟ್ಟರೆ ಯಾರೂ ತೆಗೆಯುವುದಿಲ್ಲ. ಸೋಮವಾರ ಅಪೊಲಿನ್ ಟಾರ್ಚು ಹಿಡಿದು ಸುರಂಗವೆಲ್ಲ ಹುಡುಕಿದಾಗ ಆ ಬಾಗಿಲ ಮುಂದೆಯೂ ನಿಂತಿದ್ದಳು. ಹೋದ ಚಳಿಗಾಲದಿಂದ ತೆಗೆದೇ ಇಲ್ಲ ಕಣೇ, ಬೀಗ ತುಕ್ಕು ಹಿಡಿದಿದೆ, ಈಗ ತೆಗೆದರೆ ಬಂದ ಬಾವಲಿಗಳೆಲ್ಲ ಎದ್ದು ಸಾಯುತ್ತವೆ ಎಂದು ಬೀಗದ ಕೈ ಇಟ್ಟುಕೊಂಡವರು ಹೇಳಿದ್ದರು. ಹೇಳಿದವರು ಅಪ್ಪ. ಅಪ್ಪನ ಮಾತನ್ನು ಸಾಕ್ಷಿ ಕೇಳಿ ನಂಬುವ ಮಗಳು ಯಾರಿದ್ದಾಳೆ? ಅವಳು ಮುಂದೆ ನಡೆದಿದ್ದಳು.

ಮನೆಗೆ ಬಂದರೆ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುತ್ತಾರಲ್ಲ ಬೀಗದ ಕೈಗೊಂಚಲನ್ನು, ಯಾರು ಬೇಕಾದರೂ ತೆಗೆದುಕೊಂಡಿರಬಹುದು ಎಂದು ಅವಳು ತನಗೇ ಹೇಳಿಕೊಂಡಳು. ಅಪ್ಪ ಬಾಗಿಲಿಗೆ ಅಗುಳಿ ಹಾಕುವ ಜಾತಿಯಲ್ಲ. ದೀಪದ ಕಣ್ಣು ಗೋಡೆಯ ಬುಡಕ್ಕೆ ತಾಗುವುದಿಲ್ಲ, ಗೋಡೆಗೆ ಅಂಟಿಕೊಂಡು ನಡೆದರೆ ಹತ್ತುವುದಿಲ್ಲ ಎಂಬುದೂ ದೀಪ ಕೂರಿಸಿದ ಎಂಜಿನಿಯರ್‌ಗೆ ಗೊತ್ತು, ಅವನ ಕೆಲಸದವರಿಗೆ ಗೊತ್ತು. ಹೀಗೆ ಒಬ್ಬೊಬ್ಬರ ಹೆಸರನ್ನೂ ಮುಂದಕ್ಕೆ ತಳ್ಳುತ್ತಾ ಹೋದಳು. ಒಂದು ಹೆಸರನ್ನು ಮಾತ್ರ ಮುಟ್ಟಲಿಲ್ಲ.

“ಎದ್ದೇಳು. ಈಗ ಸೈಕಲ್ ಹತ್ತು,” ಎಂದಳು.

ಗಾಯೆತಾನ್ ಹತ್ತಿದ. ಸಂಘದ ಪದ್ಧತಿಯಂತೆ ಮುಂದಿನವನು ಮೊದಲು “ತಯಾರಾ?” ಎಂದು ಕೇಳಬೇಕು. ಹಿಂದಿನವರು ಪಾದ ಪೆಡಲಿನ ಮೇಲಿಟ್ಟು “ಹೂಂ” ಎನ್ನುವವರೆಗೆ ಪೆಡಲು ಕದಲಿಸಬಾರದು. ಅವನು ಕೇಳಿದ. ಒರ್ತಾನ್ಸ್ ಹೂಂ ಎಂದರು. ಸೈಕಲ್ ಸುರಂಗದ ಬಾಯಿಯವರೆಗೆ ಹೋಗಿ ತಿರುಗಿ ಬಂತು.

ಒರ್ತಾನ್ಸ್ ತಲೆಯಾಡಿಸಿದರು. “ಇವರೂ ಅಲ್ಲ. ಇವರು ಮೇಲಿಂದ ತುಳಿದು ಹೊರಡ್ತಾರೆ, ಎಲ್ಲರ ಹಾಗೆ.” ಇಳಿದ ಮೇಲೆ ಅವರು ಗಾಯೆತಾನ್‌ನ ತೋಳು ಹುಡುಕಿ ಹಿಡಿದರು. “ನಿಮ್ಮ ಹೆಜ್ಜೆ ಸಪ್ಪಳ ಮುಂಚೆ ಕೇಳಿದ್ದೀನಿ. ಆವತ್ತು ಓಡಿದ್ದು ನೀವಾ? ಓಡಿದ್ದೇ ಒಳ್ಳೇದಾಯ್ತು ಬಿಡಿ. ನಾನೂ ಓಡೋ ಹಾಗಿದ್ರೆ ಓಡ್ತಿದ್ದೆ.”

ಗಾಯೆತಾನ್ ಅಂಗಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಿಸಿಲು ದ್ರಾಕ್ಷಿ ತೋಟದ ಅಂಚಿನವರೆಗೆ ಜಾರಿತ್ತು. ದೂರದಲ್ಲಿ, ದಾರಿಯ ಕೊನೆಯಲ್ಲಿ, ಸುರಂಗದೊಳಗಿನಿಂದ ದೀಪಗಳು ಒಂದೊಂದಾಗಿ ಈ ಕಡೆಗೆ ಎದ್ದು ಬರುತ್ತಿದ್ದವು. ಅಪ್ಪ ಆಚೆ ಗೇಟು ಹಾಕಿ ವಾಪಸು ಬರುತ್ತಿದ್ದರು. ಈ ಗೇಟಿಗೂ ಬೀಗ ಬೀಳುವ ಮೊದಲು ಆ ಕಬ್ಬಿಣದ ಬಾಗಿಲನ್ನು ತೆಗೆಸಿ ನೋಡಬೇಕಿತ್ತು. ಹಸಿರು ದಾರಿಯ ಮೇಲೆ ಜೀಪು ಹೋಗದಂತೆ ಕಂಬ ನೆಟ್ಟಿದ್ದಾರೆ, ಕಂಬದ ಬೀಗದ ಕೈಯೂ ಅಪ್ಪನ ಸೊಂಟದಲ್ಲೇ. ನಡೆದು ಹೋದರೆ ಹೊತ್ತು ಮೀರುತ್ತದೆ.

ಅಪೊಲಿನ್ ಜೋಡಿ ಸೈಕಲ್ಲಿನ ಹಿಡಿಕೆ ಹಿಡಿದಳು. ಠಾಣೆಗೆ ಸೇರಿ ಜೀಪು ಹತ್ತಿದ ಮೇಲೆ ಅವಳು ಸೈಕಲ್ ಮುಟ್ಟಿಯೇ ಇರಲಿಲ್ಲ. ಮುಂದಿನ ಪೆಡಲನ್ನು ಕಾಲಿನಿಂದ ಸರಿಸಿದಾಗ ಖಾಲಿ ಸೀಟಿನ ಕೆಳಗೆ ಹಿಂದಿನ ಪೆಡಲು ತಾನಾಗಿ ತಿರುಗಿತು. ಕಾಲಿಲ್ಲದೆ ತಿರುಗುವ ಆ ಪೆಡಲನ್ನು ನೋಡಲು ಅವಳಿಗೆ ಆಗಲಿಲ್ಲ.

“ನೀವು ಇಲ್ಲೇ ಇರಿ ಮೇಡಂ. ಈಗ ಬಂದೆ.”

“ಇಲ್ಲ.” ಒರ್ತಾನ್ಸ್ ಆಗಲೇ ಎದ್ದು ನಿಂತಿದ್ದರು. “ಆ ಬೆಂಚಿನ ಮೇಲೆ ಇನ್ನೊಂದು ಸಲ ಒಬ್ಬಳೇ ಕೂರೋಕೆ ನನ್ನಿಂದ ಆಗಲ್ಲ. ಎಲ್ಲಿಗಾದ್ರೂ ಸರಿ, ಕರ್ಕೊಂಡು ಹೋಗಿ.”

ವಾದಕ್ಕೆ ಹೊತ್ತಿರಲಿಲ್ಲ. ಒರ್ತಾನ್ಸ್ ಹತ್ತಿ ಕೂತರು. ಅಪೊಲಿನ್ ಮುಂದೆ ಒಂದು ಕಾಲು ನೆಲಕ್ಕೂರಿ ನಿಂತಳು. ತಯಾರಾ ಎಂದು ಕೇಳಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಕಣ್ಣು ದೀಪಗಳ ಮೇಲಿತ್ತು. ಇನ್ನೊಂದು ಕಾಲು ತನ್ನ ಪಾಡಿಗೆ ತಾನು, ಎಷ್ಟೋ ವರ್ಷದ ರೂಢಿಯಂತೆ, ಪೆಡಲನ್ನು ಅರ್ಧ ಸುತ್ತು ಹಿಂದಕ್ಕೆ ಎಳೆಯಿತು, ಒಂದು ಉಸಿರು ತಡೆಯಿತು, ಆಮೇಲೆ ಮುಂದಕ್ಕೆ ತುಳಿಯಿತು.

ಸೈಕಲ್ ಹೊರಟಿತು.

ದಾರಿಯ ಎರಡೂ ಕಡೆ ಉದುರಿದ ಎಲೆ ಗಾಲಿಯ ಕೆಳಗೆ ಸರಸರ ಎನ್ನುತ್ತಿತ್ತು. ಹೊರಡುವವರೆಗೂ ಮಾತಾಡುತ್ತಿದ್ದ ಒರ್ತಾನ್ಸ್ ಒಮ್ಮೆಲೇ ಮೌನವಾಗಿದ್ದರು. ಹಿಂದಿನ ಪೆಡಲಿನಿಂದ ಬರುತ್ತಿದ್ದ ಒತ್ತು ಮಾತ್ರ ಒಂದೇ ಸಮನಾಗಿತ್ತು. ಏನೂ ಆಗಿಲ್ಲವೆಂಬಂತೆ, ಏನೂ ಗೊತ್ತಾಗಿಲ್ಲವೆಂಬಂತೆ ಅವರು ತುಳಿಯುತ್ತಿದ್ದರು.

“ಚಳಿ ಆಗ್ತಿದೆಯಾ ಮೇಡಂ?”

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು.

“ಆಫೀಸರ್, ನಿಮಗೆ ಸೈಕಲ್ ಕಲಿಸಿದ್ದು ಯಾರು?”

ಯಾಕೆ ಎಂದು ಕೇಳಲು ಅಪೊಲಿನ್ ಬಾಯಿ ತೆರೆದಳು. ಕೇಳುವ ಅಗತ್ಯ ಬೀಳಲಿಲ್ಲ.

ಈ ದಾರಿಯಲ್ಲೇ ಕಲಿತದ್ದು. ಹಳಿ ಕಿತ್ತ ಹೊಸತು, ಡಾಂಬರೂ ಬಿದ್ದಿರಲಿಲ್ಲ. ಸಡಿಲ ಚೈನಿನ ಒಂದು ಹಳೆಯ ಸೈಕಲ್ಲು, ಹಿಂದಿನಿಂದ ಸೀಟು ಹಿಡಿದು ಓಡಿಬರುವ ಅಪ್ಪ. ಚೈನು ಕಳಚಿ ಕಳಚಿ ಅವಳು ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸಿ ಹೇಳುತ್ತಿದ್ದದ್ದು ಒಂದೇ ಪಾಠ: ಮೊದಲು ಹಿಂದಕ್ಕೆ ಎಳಿ, ಚೈನು ಕಚ್ಚಲಿ, ಒಂದು ಉಸಿರು ತಗೋ, ಆಮೇಲೆ ತುಳಿ. ಅವರೂ ಹಾಗೇ ಹತ್ತುತ್ತಿದ್ದರು. ಇವತ್ತೂ ಹಾಗೇ ಹತ್ತಿದ್ದರು, ಕಟಕ್ ಎಂದು. ಲೋಕದಲ್ಲಿ ಹಾಗೆ ಹೊರಡುವ ಮೂರನೆಯ ಕಾಲು ಅವಳಿಗೆ ಗೊತ್ತಿರಲಿಲ್ಲ.

“ಇದೇ,” ಎಂದರು ಒರ್ತಾನ್ಸ್. ಅವರ ಕೈ ಅಪೊಲಿನ್‌ಳ ಕೋಟನ್ನು ಗಟ್ಟಿಯಾಗಿ ಹಿಡಿದಿತ್ತು. “ಭಾನುವಾರ ನನ್ನ ಕಾಲಿಗೆ ತಾಗಿದ್ದು ಇದೇ. ನೀವಲ್ಲ ಅಂತ ಗೊತ್ತು. ಅವತ್ತಿನ ಬೆನ್ನು ದೊಡ್ಡದು. ಆದ್ರೆ ಕಾಲು ಇ‌ದೇ.”

ಅಪೊಲಿನ್‌ಗೆ ಬಿಕ್ಕಿ ಅಳಬೇಕೆನಿಸಿತು. ಅಳಲಿಲ್ಲ. ತುಳಿದಳು. ನಿಲ್ಲಿಸಿದರೆ ಗೊತ್ತಾಗಿದೆ ಎಂದು ಗೊತ್ತಾಗುತ್ತದೆ ಎಂದಿದ್ದರಲ್ಲ ಒರ್ತಾನ್ಸ್, ಆ ಮಾತಿನ ತೂಕ ಅವಳಿಗೆ ಈಗ ಪೂರ್ತಿ ತಿಳಿಯಿತು.

ಎವಾರಿಸ್ತ್ ಸುರಂಗದ ಬಾಯಲ್ಲಿ ನಿಂತಿದ್ದರು. ಸೈಕಲ್ಲನ್ನು ಕಲ್ಲುಗೋಡೆಗೆ ಒರಗಿಸಿದ್ದರು. ಕ್ಯಾರಿಯರ್ ಮೇಲೆ ಒಂದೇ ಕುಂಡ ಉಳಿದಿತ್ತು. ಸರಳಿನ ಗೇಟನ್ನು ಎಳೆದು ಮುಚ್ಚಿಯಾಗಿತ್ತು, ಬೀಗ ಕೊಂಡಿಗೆ ಸಿಕ್ಕಿಸಿಯಾಗಿತ್ತು, ಬೀಗದ ಕೈ ಅದರೊಳಗೇ ಇತ್ತು.

ಇನ್ನೊಂದು ಕುಂಡ ಗೇಟಿನ ಒಳಗಿತ್ತು. ಗೋರಿಯ ಮುಂದೆ ಇಡುವಂತೆ, ಹೂವಿನ ಮುಖ ಒಳಗಡೆಗೆ ಮಾಡಿ, ನೆಲದ ಮೇಲೆ ನೀಟಾಗಿ ಇಟ್ಟಿದ್ದರು.

“ಬಾರ್ನಬೆಗೆ,” ಎಂದರು ಎವಾರಿಸ್ತ್, ಮಗಳ ನೋಟ ಅದರ ಮೇಲೆ ನಿಂತದ್ದನ್ನು ಕಂಡು. “ಇಷ್ಟು ವರ್ಷ ಯಾರೂ ಇಟ್ಟಿರಲಿಲ್ಲ ಪಾಪ.”

“ಬೀಗ ಹಾಕ್ಬೇಡಿ ಅಪ್ಪ,” ಎಂದಳು ಅಪೊಲಿನ್. ತನ್ನ ದನಿ ಚಿಕ್ಕ ಹುಡುಗಿಯದಂತೆ ಕೇಳಿಸಿತು ಅವಳಿಗೆ. “ಆ ಕಬ್ಬಿಣದ ಬಾಗಿಲು ಒಂದ್ಸಲ ತೆಗೀಬೇಕು. ಬೀಗದ ಕೈ ಕೊಡಿ ಇಲ್ಲಿ.”

ಮುದುಕ ಮಗಳನ್ನು ನೋಡಿದರು. ಆಮೇಲೆ ಅವಳ ಹಿಂದೆ ಕೂತ ಒರ್ತಾನ್ಸ್‌ರನ್ನು ನೋಡಿದರು. ಆ ಕಣ್ಣಿಲ್ಲದ ಮುಖ ನೆಟ್ಟಗೆ ತಮ್ಮ ಕಡೆಗೇ ತಿರುಗಿರುವುದನ್ನು ಕಂಡರು. ಅಪ್ಪನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಹಳ ದಣಿದವರ ಮುಖವಾಗಿತ್ತು ಅದು. ಇವರನ್ನು ನಾನು ಎಷ್ಟು ಪ್ರೀತಿಸುತ್ತೇನೆ ಎಂದು ಅಪೊಲಿನ್‌ಗೆ ಆ ಗಳಿಗೆಯಲ್ಲಿ ಎಂದಿಗಿಂತ ಹೆಚ್ಚಾಗಿ ಅನಿಸಿತು.

“ಒಳಗೆ ಯಾರೂ ಇಲ್ಲ ಮಗಳೇ,” ಎಂದರು. “ಇರೋರೆಲ್ಲ ಸತ್ತೋರು.”

ಆಗ ಅವರ ಬೆನ್ನ ಹಿಂದೆ, ಸರಳುಗಳ ಆಚೆ, ಆಳದ ಕತ್ತಲಲ್ಲಿ, ನಡುವಿನ ದೀಪ ಹತ್ತಿತು.

ಒಂದೇ ದೀಪ. ಅತ್ತ ಕಡೆಯದೂ ಇಲ್ಲ, ಇತ್ತ ಕಡೆಯದೂ ಇಲ್ಲ. ಅದರ ಬೆಳಕು ಡಾಂಬರಿನ ಮೇಲೆ ಹಾಸಿ, ಗೇಟಿನ ಸರಳಿನವರೆಗೆ ತೆಳ್ಳಗೆ ಹರಿದು ಬಂತು.

ಎವಾರಿಸ್ತ್ ತಿರುಗಿ ನೋಡಿದರು. ಅವರ ಬಾಯಿ ತೆರೆದುಕೊಂಡಿತು, ಮುಖದ ರಕ್ತವೆಲ್ಲ ಇಳಿದು ಹೋಯಿತು. ಭೂತ ಕಂಡ ಮನುಷ್ಯ ಹೇಗಿರುತ್ತಾನೆ ಎಂದು ಅಪೊಲಿನ್ ಮೊದಲ ಬಾರಿಗೆ ನೋಡಿದಳು.

“ಬಾವಲಿ,” ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ. “ಬಾವಲಿ ಇರ್ಬೇಕು ಕಣೇ.”

ಹೇಳಿ, ಬೀಗದ ಕೈ ತಿರುಗಿಸಿದರು.